ಪ್ರಭಾರ ಮೇಡಂ ಮತ್ತು ನನ್ನ ಹೆಗಲ ಟವೆಲು

ದೈಹಿಕ ಶಿಕ್ಷಕರಾಗಿ ಕೆಲಸಕ್ಕೆ ಸೇರುವವರು ಮೊದಲ ದಿನವೇ ತಿಳಿದುಕೊಳ್ಳಬೇಕಾದ ಸಂಗತಿ ಒಂದಿದೆ. ವೇಳಾಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಬರೆದ ಪೀರಿಯಡ್ ನಿಮ್ಮದಲ್ಲ. ಅದು ಗಣಿತದ ಮೇಷ್ಟ್ರದು. ಪಾಠ ಮುಗಿದಿಲ್ಲವೆಂದರೆ ಅವರು ತೆಗೆದುಕೊಳ್ಳುತ್ತಾರೆ, ಮುಗಿದಿದ್ದರೆ ಪುನರಾವರ್ತನೆಗೆಂದು ತೆಗೆದುಕೊಳ್ಳುತ್ತಾರೆ. ನಿಮಗೆ ಉಳಿಯುವುದು ಬೆಳಗಿನ ಪ್ರಾರ್ಥನೆ, ಆಗಸ್ಟ್ ಹದಿನೈದರ ಕವಾಯತು, ಗಲಾಟೆ ಮಾಡಿದವರ ವಿಚಾರಣೆ ಮತ್ತು ಸಂಜೆ ನಾಲ್ಕೂವರೆಯ ನಂತರದ ಮೈದಾನ. ಆ ನಾಲ್ಕೂವರೆಯ ನಂತರದ ಮೈದಾನಕ್ಕಾಗಿಯೇ ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಈ ಕೆಲಸದಲ್ಲಿದ್ದೆ. ಒಂದು ದಿನವೂ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿಟ್ಟು ಹೋಗಬೇಕು ಅಂತ ಮಾತ್ರ ಒಂದು ದಿನವೂ ಅನಿಸಲಿಲ್ಲ.

ನಾನು ಹುಟ್ಟಿದ್ದು ಶಿಕಾರಿಪುರದಲ್ಲಿ. ಕೆಲಸದ ಬಹುಭಾಗ ಕಳೆದದ್ದು ಸೊರಬ ತಾಲ್ಲೂಕಿನ ಆನವಟ್ಟಿಯಲ್ಲಿ. ಸೇವಾ ಪುಸ್ತಕದಲ್ಲಿ ನನ್ನ ಹೆಸರು ಬಸವರಾಜಪ್ಪ. ಜನ ಕರೆದದ್ದು ಟವೆಲ್ ಮೇಷ್ಟ್ರು. ಆ ಹೆಸರು ಹೇಗೆ ಬಂತು, ಅದರಿಂದ ಎಷ್ಟು ಜಂಬಪಟ್ಟೆ, ಕೊನೆಗೆ ಅದೇ ಟವೆಲು ನನ್ನನ್ನು ಯಾವ ಗುಂಡಿಗೆ ಕೆಡವಿತು, ಅಲ್ಲಿಂದ ನನ್ನನ್ನು ಎತ್ತಿದವರು ಯಾರು ಅನ್ನುವುದನ್ನು ಬರೆಯಬೇಕೆಂದು ಬಹಳ ದಿನದಿಂದ ಇತ್ತು. ಬಡ್ತಿ, ಪ್ರಶಸ್ತಿಪತ್ರಗಳ ವಿಷಯ ಇಲ್ಲಿ ಬರುವುದಿಲ್ಲ. ಅವು ಗೋಡೆಯ ಮೇಲಿವೆ, ಬೇಕಾದವರು ಮನೆಗೆ ಬಂದು ನೋಡಬಹುದು.

ಮೊದಲು ಒಂದು ಎಡವಟ್ಟು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ವಲಯ ಮಟ್ಟದ ಕಬಡ್ಡಿ ನಮ್ಮ ಶಾಲೆಯಲ್ಲೇ ನಡೆಯುವುದಿತ್ತು. ಆಗ ಮ್ಯಾಟ್ ಅನ್ನುವುದನ್ನು ನಾವು ಯಾರೂ ಕಂಡಿರಲಿಲ್ಲ. ಮಣ್ಣು ಅಗೆದು, ಕಲ್ಲು ಆರಿಸಿ, ಜರಡಿ ಹಿಡಿದು, ನೀರು ಹೊಡೆದು ಅಂಕಣ ಮಾಡಬೇಕು, ಅದರ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಬೇಕು. ಗೆರೆ ದೂರದಿಂದಲೇ ಫಳಫಳ ಹೊಳೆಯಲಿ ಅಂತ ನಾನು ಅಂಗಡಿಯಿಂದ ಸುಟ್ಟ ಸುಣ್ಣದ ಹರಳು ತಂದು, ನೀರು ಹಾಕಿ ಅರಳಿಸದೆ ಹಾಗೇ ಕುಟ್ಟಿಸಿ, ಹಸಿ ಮಣ್ಣಿನ ಮೇಲೆ ಸುರಿದೆ. ಬರಿಗಾಲಿನ ಹುಡುಗರು ಕಾಲು ಗಂಟೆ ಆಡಿದ್ದರೋ ಇಲ್ಲವೋ, ಒಬ್ಬೊಬ್ಬರೇ ಕಾಲು ಎತ್ತಿ ಕುಣಿಯತೊಡಗಿದರು. ಅಂಗಾಲೆಲ್ಲ ಸುಟ್ಟಿತ್ತು.

ನಮ್ಮ ಹೆಡ್ ಮಾಸ್ಟರು ಪಂಚೆ ಎತ್ತಿ ಕಟ್ಟಿ, ತಾವೇ ಕೊಡದಲ್ಲಿ ನೀರು ತಂದು ಹುಡುಗರ ಕಾಲು ತೊಳೆದರು, ಕೊಬ್ಬರಿ ಎಣ್ಣೆ ಹಚ್ಚಿಸಿದರು. ಎಲ್ಲ ಮುಗಿದ ಮೇಲೆ ನನ್ನನ್ನು ಕೋಣೆಗೆ ಕರೆದರು. ಮೆಮೊ ಕೊಡುತ್ತಾರೆ ಅಂತಲೇ ಹೋದೆ. ಅವರು ಹೇಳಿದ್ದು ಒಂದೇ ಮಾತು. "ಮೇಷ್ಟ್ರೇ, ಮುಂದಿನ ಸಲ ಹುಡುಗ್ರನ್ನ ಇಳಿಸೋಕೆ ಮುಂಚೆ ನೀವು ಚಪ್ಪಲಿ ಬಿಟ್ಟು ಒಂದು ಸುತ್ತು ತುಳೀರಿ." ಅಂದಿನಿಂದ ನಿವೃತ್ತಿಯ ದಿನದವರೆಗೆ ನಾನು ಬರಿಗಾಲಲ್ಲಿ ತುಳಿಯದ ಅಂಕಣಕ್ಕೆ ಹುಡುಗರನ್ನು ಇಳಿಸಿಲ್ಲ. ಆ ಹೆಡ್ ಮಾಸ್ಟರು ಈಗಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆ, ಬೈಯದೇ ಇದ್ದದ್ದರಿಂದ ಇನ್ನೂ ನೆನಪಿದೆ.

ಟವೆಲಿನ ವಿದ್ಯೆ ಬಂದದ್ದು ನಾಲ್ಕೈದು ವರ್ಷದ ಮೇಲೆ. ಕಬಡ್ಡಿ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬ ಆಟಗಾರ ಎದುರಾಳಿಯ ಅಂಕಣಕ್ಕೆ ಹೋಗಿ, ಮೂವತ್ತು ಸೆಕೆಂಡಿನೊಳಗೆ ಯಾರನ್ನಾದರೂ ಮುಟ್ಟಿ ತನ್ನ ಗೆರೆಗೆ ವಾಪಸು ಬರಬೇಕು. ಅದಕ್ಕೆ ರೈಡ್ ಅನ್ನುತ್ತೇವೆ, ಹೋಗುವವನು ರೈಡರ್. ಹಿಡಿದು ಬೀಳಿಸುವುದು ಎದುರಿನ ಏಳು ಜನರ ಕೆಲಸ, ಅದು ಹಿಡಿತ. ಯಾರನ್ನೂ ಮುಟ್ಟದೆ ಸುಮ್ಮನೆ ವಾಪಸು ಬಂದರೂ ತಪ್ಪಿಲ್ಲ, ಆದರೆ ಸಾಲಾಗಿ ಮೂರನೆಯ ಸಲ ಹಾಗೆ ಬರುವಂತಿಲ್ಲ. ಯಾವಾಗ ಮುಟ್ಟಲು ನುಗ್ಗಬೇಕು, ಯಾವಾಗ ಹೊತ್ತು ಕಳೆದು ಬರಬೇಕು ಅನ್ನುವುದೇ ಈ ಆಟದ ಜೀವ. ಆಟ ನಡೆಯುವಾಗ ತರಬೇತುದಾರ ಹೊರಗಿನಿಂದ ಕೂಗಿದರೆ ತೀರ್ಪುಗಾರರು ಎಚ್ಚರಿಕೆ ಕೊಡುತ್ತಾರೆ. ಕೂಗಿದರೂ ಆ ಗದ್ದಲದಲ್ಲಿ ಕೇಳುವುದಿಲ್ಲ. ಅದಕ್ಕೆ ನಾನು ಟವೆಲು ಹಿಡಿದೆ. ಟವೆಲು ಬಲ ಹೆಗಲಲ್ಲಿದ್ದರೆ ಸುಮ್ಮನೆ ವಾಪಸು ಬಾ. ಎಡ ಹೆಗಲಿಗೆ ಬಂದರೆ ನುಗ್ಗು.

ಇದರಿಂದ ಎಷ್ಟೋ ಪಂದ್ಯ ಗೆದ್ದೆವು. ಹುಡುಗರು ರೈಡಿನ ಮಧ್ಯೆ ಒಂದು ಸಲ ಓರೆಗಣ್ಣಲ್ಲಿ ನನ್ನ ಹೆಗಲು ನೋಡುವುದನ್ನು ರೂಢಿ ಮಾಡಿಕೊಂಡರು. ನನಗೂ ಜಂಬ ಬಂತು. ಮದುವೆಮನೆಗೆ ಹೋದರೂ ಹೆಗಲಲ್ಲಿ ಟವೆಲು. "ಏನ್ರೀ, ಊಟಕ್ಕೆ ನುಗ್ಗಬೇಕೋ ಕಾಯಬೇಕೋ, ಹೆಗಲು ನೋಡಿ ಹೇಳ್ತೀನಿ" ಅಂತ ನನ್ನ ಹೆಂಡತಿ ಗೇಲಿ ಮಾಡುತ್ತಿದ್ದಳು.

ಆಮೇಲೆ ಮ್ಯಾಟ್ ಬಂತು. ಮಣ್ಣಿನಲ್ಲಿ ಕಾಲು ಹೂತು ನಿಧಾನಕ್ಕೆ ತಿರುಗುತ್ತಿದ್ದ ಆಟ, ಮ್ಯಾಟಿನ ಮೇಲೆ ಬೂಟು ಹಾಕಿ ಆಡುವ ಆಟವಾಯಿತು. ನಾನು ಟವೆಲು ಬದಲಿಸಿ, ಹುಡುಗ ನೋಡಿ, ಕಾಲು ಎತ್ತುವಷ್ಟರಲ್ಲಿ ಎದುರಿನವರು ನಿಂತ ಜಾಗವೇ ಬದಲಾಗಿರುತ್ತಿತ್ತು. ಇದು ನನಗೆ ಕಾಣಲಿಲ್ಲ ಅಂತಲ್ಲ. ಕಂಡರೂ ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ.

ನಿವೃತ್ತಿಗೆ ಮೂರು ವರ್ಷ ಇರುವಾಗ ಶಿಕಾರಿಪುರ ಮತ್ತು ಸೊರಬದ ಆಟಗಾರರನ್ನು ಸೇರಿಸಿ ಒಂದು ಕೂಡು ತಂಡ ಮಾಡಿದರು. ಸುತ್ತಲಿನ ತಾಲ್ಲೂಕುಗಳ ತಂಡಗಳ ಜೊತೆ ವರ್ಷಕ್ಕೊಮ್ಮೆ ಸರಣಿ. ಸಮಿತಿಯ ಅಧ್ಯಕ್ಷರು ಶಿವಾನಂದಪ್ಪನವರು, ಶಿಕಾರಿಪುರದ ಪೇಟೆಯಲ್ಲಿ ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿಯವರು. ಮಾತು ಒರಟು, ಮನಸ್ಸು ಬೆಣ್ಣೆ. ಅಭ್ಯಾಸಕ್ಕೆ ಆನವಟ್ಟಿಯ ಮೈದಾನ. ನಾನು ಮುಖ್ಯ ತರಬೇತುದಾರ, ಹಿಡಿತದ ಹೊಣೆಯೂ ನನ್ನದು. ರೈಡಿಂಗ್ ನೋಡಿಕೊಳ್ಳಲು ಮಹದೇವಪ್ಪ ಅನ್ನುವ ನನ್ನ ಹಳೆಯ ಸ್ನೇಹಿತರಿದ್ದರು. ಮಹದೇವಪ್ಪನವರೂ ನನ್ನ ಟವೆಲಿನ ಭಕ್ತರೇ. ಸರಣಿ ಅರ್ಧ ಆಗುವ ಹೊತ್ತಿಗೆ ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ತಂಡ ಆಗಲೇ ಸಾಲಾಗಿ ಸೋತು ಸುಣ್ಣವಾಗಿತ್ತು.

ಶಿವಾನಂದಪ್ಪನವರು ಎಲ್ಲ ಕಡೆ ಫೋನು ಮಾಡಿ ಯಾರೂ ಸಿಗದೆ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಖೋಖೋ ಹೇಳಿಕೊಡುತ್ತಿದ್ದ ಶಾರದಾ ಮೇಡಂ ಅವರನ್ನು ಒಪ್ಪಿಸಿದರು. ಸಮಿತಿಯ ಪುಸ್ತಕದಲ್ಲಿ ಬರೆದದ್ದು "ರೈಡಿಂಗ್ ತರಬೇತುದಾರರು, ಪ್ರಭಾರ" ಅಂತ. ನಮ್ಮ ಇಲಾಖೆಯಲ್ಲಿ ಪ್ರಭಾರ ಹೊಸ ಮಾತೇನಲ್ಲ. ಕಾಯಂ ಬರುವವರೆಗೆ ಕುರ್ಚಿ ಬೆಚ್ಚಗಿಡುವವರು ಪ್ರಭಾರ. ಅವರು ಸಹಿ ಹಾಕುತ್ತಾರೆ, ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಈಯಮ್ಮನೂ ಸರಣಿ ಮುಗಿಯುವವರೆಗೆ ಬಂದು ನಿಂತು ಹೋಗುತ್ತಾರೆ, ರೈಡಿಂಗೂ ನನ್ನ ಕೈಗೇ ಬಂತು ಅಂತ ನಾನು ಒಳಗೊಳಗೇ ಖುಷಿಯಾಗಿದ್ದೆ.

ಮೇಡಂ ಸೊರಬ ತಾಲ್ಲೂಕಿನ ಉಳವಿಯವರು. ನಲವತ್ತು ದಾಟಿದ ವಯಸ್ಸು. ಶಾಲೆ ಮುಗಿಸಿ ಎರಡು ಬಸ್ಸು ಬದಲಿಸಿ ಆನವಟ್ಟಿಗೆ ಬರುತ್ತಿದ್ದರು. ಮೊದಲ ದಿನವೇ ಹುಡುಗರ ಚಪ್ಪಲಿಗಳನ್ನೆಲ್ಲ ತಂದು ಅಂಕಣದಲ್ಲಿ ಸಾಲಾಗಿ ಇಟ್ಟರು. ಖೋಖೋದಲ್ಲಿ ಕೂತವರ ಸಾಲಿನ ನಡುವೆ ಓಡುವ ಹಾಗೆ ಅವುಗಳ ನಡುವೆ ರೈಡರ್‌ಗಳನ್ನು ಓಡಿಸಿದರು. ಒಂದು ಹೆಜ್ಜೆ ಎಡಕ್ಕೆ ತೋರಿಸಿ ಬಲಕ್ಕೆ ಹೋಗುವುದು, ನಿಂತಂತೆ ಮಾಡಿ ಜಾರಿಕೊಳ್ಳುವುದು. ಚಪ್ಪಲಿ ತುಳಿದವನು ಮೊದಲಿಂದ ಓಡಬೇಕು. ಹಿಡಿತದ ಹುಡುಗರು ಬಿದ್ದೂಬಿದ್ದೂ ನಕ್ಕರು. ನಾನೂ ನಕ್ಕೆ ಅನ್ನುವುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಎರಡನೆಯ ವಾರ ಮೇಡಂ ಇನ್ನೊಂದು ಶುರು ಮಾಡಿದರು. ಪ್ರತಿ ರೈಡ್ ಮುಗಿಸಿ ಬಂದವನನ್ನು ನಿಲ್ಲಿಸಿ ಪ್ರಶ್ನೆ. "ಬಲ ಮೂಲೆಯವನ ಎಡಗಾಲು ಎಲ್ಲಿತ್ತು? ನಡುವೆ ನಿಂತವನು ಭಾರ ಯಾವ ಕಾಲ ಮೇಲೆ ಹಾಕಿದ್ದ?" ಉತ್ತರ ಬರದಿದ್ದರೆ ಮತ್ತೆ ರೈಡು. ನಮ್ಮ ಮುಖ್ಯ ರೈಡರ್ ಮಂಜುನಾಥ. ಗುಡವಿಯವನು, ಇಪ್ಪತ್ಮೂರು ವರ್ಷ, ಆನವಟ್ಟಿಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದ. ಎಂಟನೆಯ ತರಗತಿಯಿಂದ ನನ್ನ ಕೈಯಲ್ಲೇ ಆಡಿದವನು. ಒಂದು ಸಂಜೆ ಅವನಿಗೆ ಒಂದು ಪ್ರಶ್ನೆಗೂ ಉತ್ತರ ಬರಲಿಲ್ಲ.

"ಎಲ್ಲಿ ನೋಡ್ತಿದ್ದೆ ಮಂಜು?" ಅಂತ ಮೇಡಂ ಕೇಳಿದರು.

"ಸರ್ ಟವೆಲು ನೋಡ್ದೆ ಮೇಡಂ."

ಮೇಡಂ ನನ್ನ ಕಡೆ ನೋಡಲಿಲ್ಲ. ಅವನಿಗೇ ಹೇಳಿದರು. "ನಿನ್ನ ಹಿಡಿಯೋದು ಎದುರಿಗಿರೋ ಏಳು ಜನ ಮಾರಾಯ. ಸರ್ ಅಲ್ಲ. ಕಣ್ಣು ಅಲ್ಲಿರ್ಲಿ."

ನನಗೆ ಮೈಯೆಲ್ಲ ಉರಿಯಿತು. ಆದರೆ ಫಲ ಕಣ್ಣೆದುರಿಗೇ ಇತ್ತು. ಖಾಲಿ ಕೈಯಲ್ಲಿ ವಾಪಸು ಬರುತ್ತಿದ್ದ ರೈಡರ್‌ಗಳು ಒಬ್ಬರನ್ನೋ ಇಬ್ಬರನ್ನೋ ಮುಟ್ಟಿಕೊಂಡು ಬರತೊಡಗಿದರು. ಸಾಲಾಗಿ ನಾಲ್ಕು ಪಂದ್ಯ ಗೆದ್ದೆವು. ತಳದಲ್ಲಿದ್ದ ತಂಡ ಫೈನಲ್ಲಿಗೆ ಬಂತು.

ಆ ದಿನಗಳಲ್ಲೊಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಜೊತೆ ನಿಂತಿದ್ದೆ. "ಮುಂದಿನ ವರ್ಷಕ್ಕೂ ಬರ್ತೀರಾ ಮೇಡಂ?" ಅಂತ ಸುಮ್ಮನೆ ಮಾತಿಗೆ ಕೇಳಿದೆ.

"ಇಟ್ಕೊಂಡ್ರೆ ಬರ್ತೀನಿ ಸರ್," ಅಂದರು. ಬಸ್ಸು ಬರುವ ದಾರಿ ನೋಡುತ್ತಾ, "ಇಪ್ಪತ್ತು ವರ್ಷದಿಂದ ಸೀಟಿ ಊದ್ತಿದೀನಿ. ಪ್ರಾರ್ಥನೆಗೆ ಸಾಲು ನಿಲ್ಸೋದಕ್ಕೇ ಹೆಚ್ಚು. ನಾನು ಅಂದ್ಕೊಂಡಿದ್ದು ದೊಡ್ಡ ಆಟದಲ್ಲಿ ನಡೀತಿರೋದು ಇದೇ ಮೊದಲು. ಇದು ಹೋದ್ರೆ ನಂಗೆ ಇನ್ನೊಂದು ಬರಲ್ಲ ಸರ್, ಗೊತ್ತು," ಅಂದರು.

ಅಷ್ಟರಲ್ಲಿ ಸೊರಬದ ಬಸ್ಸು ಬಂತು, ಹತ್ತಿ ಹೋದರು. ಆ ಮಾತು ನನ್ನ ಕಿವಿಯಲ್ಲಿ ಇದ್ದೇ ಇತ್ತು. ಇದ್ದೂ ನಾನು ಆ ಕೆಲಸ ಮಾಡಿದೆ.

ಫೈನಲ್ ಶಿಕಾರಿಪುರದಲ್ಲಿ. ಜನ ಕಾಂಪೌಂಡಿನ ಮೇಲೆಲ್ಲ ಹತ್ತಿ ಕೂತಿದ್ದರು. ಆಟ ಮುಗಿಯಲು ಒಂದು ನಿಮಿಷವೂ ಇಲ್ಲ, ನಾವು ಒಂದು ಅಂಕ ಮುಂದೆ, ರೈಡ್ ನಮ್ಮದು. ವಿರಾಮ ತೆಗೆದುಕೊಂಡು ಮೇಡಂ ಮಂಜುವಿಗೆ ಹೇಳಿದರು. "ಯಾರನ್ನೂ ಮುಟ್ಟೋದು ಬೇಡ. ಮೂವತ್ತು ಸೆಕೆಂಡ್ ಕಳ್ದು ಬಾ. ಆಮೇಲೆ ಅವ್ರಿಗೆ ಒಂದೇ ರೈಡ್ ಉಳಿಯುತ್ತೆ, ನಮ್ಮ ಹಿಡಿತದವ್ರು ನೋಡ್ಕೊಳ್ತಾರೆ." ಮಂಜು ತಲೆಯಾಡಿಸಿ ಹೋದ.

ಅವರ ಬಲ ಮೂಲೆಯ ಆಟಗಾರ ಅಷ್ಟೊತ್ತಿನಿಂದ ಕುಂಟುತ್ತಿದ್ದ. ನನಗೆ ಅವನೇ ಕಣ್ಣಿಗೆ ಬಿದ್ದ. ಅವನನ್ನು ಮುಟ್ಟಿದರೆ ಎರಡು ಅಂಕ ಮುಂದೆ, ಕಪ್ ನಮ್ಮದು. ಇನ್ನೂ ಒಂದು ಯೋಚನೆ ಇತ್ತು, ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ನಾಲ್ಕು ಪಂದ್ಯದಿಂದ ಎಲ್ಲರ ಬಾಯಲ್ಲೂ ಮೇಡಂ, ಮೇಡಂ. ಕೊನೆಯ ಅಂಕವಾದರೂ ನನ್ನ ಟವೆಲಿನಿಂದ ಬರಲಿ ಅಂತ ಆಸೆಯಾಯಿತು. ಎದ್ದು ನಿಂತೆ. ಟವೆಲನ್ನು ಎಡ ಹೆಗಲಿಗೆ ಹಾಕಿದೆ.

ಹತ್ತು ವರ್ಷದ ರೂಢಿ. ಮಂಜುವಿನ ಕಣ್ಣು ಒಂದು ಕ್ಷಣ ಬೆಂಚಿನ ಕಡೆ ಹೊರಳಿತು. ಮುಂದಿನ ಕ್ಷಣ ಅವನು ಬಲ ಮೂಲೆಗೆ ನುಗ್ಗಿದ. ಕುಂಟುತ್ತಿದ್ದವನು ಕುಂಟಲಿಲ್ಲ. ಬಗ್ಗಿ ಮಂಜುವಿನ ಕಣಕಾಲು ಹಿಡಿದ, ಉಳಿದವರು ಮೇಲೆ ಬಿದ್ದರು. ಅಂಕ ಸಮವಾಯಿತು. ಅವರ ಕೊನೆಯ ರೈಡರ್ ಬಂದು ಗಲಿಬಿಲಿಯಲ್ಲಿದ್ದ ನಮ್ಮವನೊಬ್ಬನನ್ನು ಮುಟ್ಟಿಕೊಂಡು ಹೋದ. ಒಂದು ಅಂಕದಲ್ಲಿ ಸೋತೆವು.

ಎಲ್ಲರ ಕಣ್ಣೂ ಅಂಕಣದ ಮೇಲಿತ್ತು. ಟವೆಲು ಬದಲಾದದ್ದನ್ನು ಕಂಡವರು ಇಬ್ಬರೇ, ಮಂಜು ಮತ್ತು ನನ್ನ ಪಕ್ಕದಲ್ಲೇ ಕೂತಿದ್ದ ಮೇಡಂ. ಆನವಟ್ಟಿಗೆ ವಾಪಸು ಬರುವ ಟೆಂಪೋದಲ್ಲಿ ಮೇಡಂ ಕಿಟಕಿಯ ಪಕ್ಕ ಕೂತಿದ್ದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಏನಾದರೂ ವಾದ ಹೂಡುತ್ತಿದ್ದೆ. ಮಂಜು ಕಣಕಾಲಿಗೆ ಐಸು ಹಿಡಿದುಕೊಂಡು ತಲೆ ತಗ್ಗಿಸಿದ್ದ.

ಮರುದಿನದಿಂದ ಆ ಕೊನೆಯ ರೈಡಿನ ವಿಡಿಯೋ ವಾಟ್ಸಾಪಿನಲ್ಲಿ ಓಡಾಡಿತು. ಯಾರೋ ಕಾಂಪೌಂಡಿನ ಮೇಲೆ ಕೂತು ತೆಗೆದದ್ದು. ಅದರಲ್ಲಿ ಅಂಕಣ ಪೂರ್ತಿ ಕಾಣುತ್ತದೆ, ನಮ್ಮ ಬೆಂಚು ಕಾಣುವುದಿಲ್ಲ. ಜನ ಅದನ್ನು ನೋಡಿ ನೋಡಿ ತೀರ್ಪು ಕೊಟ್ಟರು. ಖೋಖೋದವರಿಗೆ ಕಬಡ್ಡಿ ಏನು ಗೊತ್ತು, ಗೆದ್ದ ಪಂದ್ಯವನ್ನು ಹೆಂಗಸರ ಕೈಗೆ ಕೊಟ್ಟು ಕಳೆದರು, ಚಪ್ಪಲಿ ಪಾಠದ ಫಲ ನೋಡಿ. ಬೆಂಚು ಕಾಣುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ನಾನೂ ಆ ವಿಡಿಯೋವನ್ನು ಮೂರು ಸಲ ನೋಡಿದೆ. ಕಾಣುವುದಿಲ್ಲ ಅಂತ ತಿಳಿದಾಗ ನೆಮ್ಮದಿಯಾಯಿತು. ನನ್ನ ಇಡೀ ಸೇವೆಯಲ್ಲಿ ನನಗೆ ಅತ್ಯಂತ ನಾಚಿಕೆ ತರುವ ಗಳಿಗೆ ಆ ನೆಮ್ಮದಿಯ ಗಳಿಗೆಯೇ.

ಎಂಟು ದಿನದ ಮೇಲೆ ಸಮಿತಿಯ ಸಭೆ. ಪ್ರಭಾರದ ಮೇಡಂ ಅವರನ್ನು ಮುಂದುವರಿಸಬೇಕೋ, ಬೇರೆಯವರನ್ನು ತರಬೇಕೋ ಅನ್ನುವುದೊಂದೇ ವಿಷಯ. ಬಯಲುಸೀಮೆಯ ಕಡೆಯಿಂದ, ಕಬಡ್ಡಿ ತರಬೇತಿಯ ಡಿಪ್ಲೊಮಾ ಮಾಡಿದ ಒಬ್ಬರು ಬರಲು ಸಿದ್ಧರಿದ್ದರು. ಶಿವಾನಂದಪ್ಪನವರ ಅಂಗಡಿಯ ಮಹಡಿಯಲ್ಲಿ ಪೈಪಿನ ಸುರುಳಿಗಳ ನಡುವೆ ಕುರ್ಚಿ ಹಾಕಿದ್ದರು. ಮಂಡಕ್ಕಿ, ಮಿರ್ಚಿ ಬಂತು. ಮೇಡಂ ಒಂದು ಮೂಲೆಯಲ್ಲಿ ವ್ಯಾನಿಟಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆಟಗಾರರ ಪರವಾಗಿ ಮಂಜು ಬಂದು ಬಾಗಿಲ ಹತ್ತಿರ ನಿಂತಿದ್ದ.

ಅಧ್ಯಕ್ಷರೇ ಶುರು ಮಾಡಿದರು. "ನೋಡ್ರಿ, ನಾಲ್ಕು ಪಂದ್ಯ ಗೆದ್ದೀವಿ, ಇಲ್ಲ ಅನ್ನಂಗಿಲ್ಲ. ಆದ್ರೆ ಆ ನಾಲ್ಕರಾಗೆ ಎರಡು ತಂಡ ಮೊದ್ಲೇ ಸೋತು ಸುಸ್ತಾಗಿದ್ವು. ಮಂಜುನ ಕಾಲು ನೋವೂ ಅದೇ ಹೊತ್ತಿಗೆ ವಾಸಿ ಆತು. ಮೇಡಂ ಅವ್ರಿಂದ ಗೆದ್ವೋ, ಟೈಮು ಚಲೋ ಇತ್ತೋ, ಹೆಂಗೆ ಹೇಳಾದು? ಗಟ್ಟಿ ತಂಡ ಸಿಕ್ಕಿದ್ದು ಒಂದೇ, ಅದ್ರಾಗೆ ಸೋತ್ವಿ."

ಸೊರಬದ ಸದಸ್ಯರೊಬ್ಬರು ಒಪ್ಪಲಿಲ್ಲ. "ಕಾಲು ವಾಸಿಯಾಗಿದ್ದು ಮಂಜುಂದು ಒಬ್ಬಂದು. ಉಳಿದ ರೈಡರ್‌ಗಳು ಎಂತಕ್ಕೆ ಸುಧಾರಿಸಿದ್ರು ಹಂಗಾದ್ರೆ? ಒಂದು ರೈಡ್ ಹಾಳಾಯ್ತು ಅಂತ ಒಂದೂವರೆ ತಿಂಗಳ ಕೆಲಸ ನೀರಿಗೆ ಹಾಕೋದಾ?"

"ಒಂದು ರೈಡ್ ಅಲ್ರೀ ಅದು, ಕಪ್," ಅಂದರು ಅಧ್ಯಕ್ಷರು. ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀವು ಮುಖ್ಯ ಕೋಚು. ನಿಮ್ಮ ಅಭಿಪ್ರಾಯ?"

ನಾನು ಮಿರ್ಚಿಯ ತಟ್ಟೆ ಪಕ್ಕಕ್ಕೆ ಸರಿಸಿದೆ. "ಮೊದಲು ಹುಡುಗರ ಮಾತು ಕೇಳೋಣ," ಅಂದುಬಿಟ್ಟೆ. ಹೇಡಿಯ ಉತ್ತರ.

ಮಂಜು ಬಾಗಿಲ ಹತ್ತಿರದಿಂದಲೇ ಹೇಳಿದ. "ತಪ್ಪು ನಂದು. ಮೇಡಂ ಸುಮ್ನೆ ವಾಪಸ್ ಬಾ ಅಂದಿದ್ರು. ನಾನೇ ಆಸೆಗೆ ಬಿದ್ದು ನುಗ್ಗಿದೆ. ಬೇಕಾದ್ರೆ ನನ್ನ ತಂಡದಿಂದ ತೆಗೀರಿ, ಮೇಡಂನ ತೆಗೀಬೇಡಿ."

ಅಧ್ಯಕ್ಷರು ಕೈ ಝಾಡಿಸಿದರು. "ಹೇಳಿದ ಮಾತು ಕೇಳಂಗೆ ಮಾಡಾದು ಕೋಚಿನ ಕೆಲ್ಸ ಅಲ್ಲೇನಪ್ಪ? ಕೊನೇ ಗಳಿಗ್ಯಾಗೆ ಹುಡುಗ ಮಾತು ಮೀರ್ತಾನೆ ಅಂದ್ರೆ ಅವ್ರ ಹಿಡಿತ ಎಷ್ಟಿತ್ತು ಅಂತಾತು." ಪುಸ್ತಕ ತೆಗೆದು ಪೆನ್ನಿನ ಕ್ಯಾಪು ಬಿಚ್ಚಿದರು. "ಡಿಪ್ಲೊಮಾದವರನ್ನೇ ಕರೆಸಾನ. ಮೇಡಂ, ನಿಮ್ದೇನಾದ್ರೂ ಇದ್ರೆ ಹೇಳ್ರಿ."

ಮೇಡಂ ಬಾಗಿಲ ಕಡೆ ತಿರುಗಿದರು. ಅಭ್ಯಾಸದ ದಿನಗಳಲ್ಲಿ ಕೇಳುತ್ತಿದ್ದ ಅದೇ ದನಿಯಲ್ಲಿ ಮಂಜುವನ್ನು ಕೇಳಿದರು.

"ಆ ರೈಡಲ್ಲಿ ಬಲ ಮೂಲೆಯವನ ಭಾರ ಯಾವ ಕಾಲ ಮೇಲಿತ್ತು ಮಂಜು?"

"ನೋಡ್ಲಿಲ್ಲ ಮೇಡಂ."

"ಕುಂಟೋ ಕಾಲ ಮೇಲೇ ಇತ್ತು. ನೋಡಿದ್ರೆ ಕುಂಟೋದು ನಾಟಕ ಅಂತ ಗೊತ್ತಾಗ್ತಿತ್ತು. ಕಾಲು ನೋಡ್ಲಿಲ್ಲ ಅಂದ್ರೆ ಮತ್ತೆ ಎಲ್ಲಿ ನೋಡ್ತಿದ್ದೆ?"

ಮಂಜು ನೆಲ ನೋಡಿದ. ಅವನು ನನ್ನ ಹೆಸರು ಹೇಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಹತ್ತು ವರ್ಷ ಅನ್ನ ತಿನ್ನುವಾಗಲೂ ಮೇಷ್ಟ್ರು ಅಂತ ಎದ್ದು ನಿಲ್ಲುತ್ತಿದ್ದ ಹುಡುಗ. ತನ್ನ ಆಟ ಹೋದರೂ ಹೇಳುತ್ತಿರಲಿಲ್ಲ. ಮೇಡಂ ಕೂಡ ನನ್ನ ಕಡೆ ತಿರುಗಿರಲಿಲ್ಲ. ಅವರಿಬ್ಬರೂ ನನ್ನನ್ನು ಹಾಗೇ ಬಿಟ್ಟಿದ್ದರು, ಬೇಕಿದ್ದರೆ ನಾನು ಸುಮ್ಮನೆ ಕೂತು ಮಿರ್ಚಿ ತಿಂದು ಮನೆಗೆ ಹೋಗಬಹುದಿತ್ತು.

ಆಗ ನನಗೆ ಸುಣ್ಣ ಸುಟ್ಟ ಅಂಗಾಲುಗಳು ನೆನಪಾದವು. ಎದ್ದು ನಿಂತೆ.

"ನನ್ನ ಹೆಗಲು ನೋಡ್ತಿದ್ದ," ಅಂದೆ. "ಮೇಡಂ ವಾಪಸ್ ಬಾ ಅಂದಿದ್ರು. ನಾನು ಟವೆಲು ಎಡಕ್ಕೆ ಹಾಕಿ ನುಗ್ಗು ಅಂದೆ. ಹುಡುಗ ನನ್ನ ಮಾತು ಕೇಳಿದ. ತಪ್ಪು ನಂದು, ಅವಂದೂ ಅಲ್ಲ, ಮೇಡಂ ಅವರದೂ ಅಲ್ಲ."

ಅಧ್ಯಕ್ಷರು ಪೆನ್ನು ಹಿಡಿದುಕೊಂಡೇ ನನ್ನನ್ನು ನೋಡಿದರು. "ಎಂಟು ದಿನದಿಂದ ಯಾಕ್ರೀ ಬಾಯಿ ಬಿಡ್ಲಿಲ್ಲ?"

"ನಾಚಿಕೆ ಆತ್ರೀ."

"ಈಗ ಯಾರ್ನ ಬಿಡಾದು, ನೀವೇ ಹೇಳ್ರಿ."

"ನನ್ನನ್ನೇ ಬಿಡ್ರಿ," ಅಂದೆ. ಹೆಗಲ ಮೇಲಿದ್ದ ಟವೆಲು ತೆಗೆದು ಮೇಜಿನ ಮೇಲಿಟ್ಟೆ. ಆ ಹೊತ್ತಿಗೆ ಅದೇನೂ ದೊಡ್ಡ ತ್ಯಾಗ ಅನಿಸಲಿಲ್ಲ. ಎಂಟು ದಿನದಲ್ಲಿ ಮೊದಲ ಸಲ ಸರಾಗವಾಗಿ ಉಸಿರು ಬಂದಿತ್ತು.

ಮೇಡಂ ಆಗ ಬಾಯಿ ತೆರೆದರು. "ಸರ್ ಇರ್ಲಿ. ಅವರಷ್ಟು ಹಿಡಿತ ಹೇಳಿಕೊಡೋರು ಈ ಎರಡು ತಾಲ್ಲೂಕಲ್ಲಿ ಇಲ್ಲ. ನಾನು ರೈಡರ್‌ಗಳಿಗೆ ಕಲಿಸಿದ್ದೆಲ್ಲ ಸರ್ ತಯಾರು ಮಾಡಿದ ಹಿಡಿತದವ್ರ ಎದುರಿಗೇ. ಅವ್ರು ಗಟ್ಟಿ ಇದ್ದಿದ್ದಕ್ಕೇ ಇವ್ರು ಕಲ್ತಿದ್ದು." ಬ್ಯಾಗಿನ ಪಟ್ಟಿ ಬಿಗಿಯಾಗಿ ಹಿಡಿದುಕೊಂಡು ಮುಂದುವರಿಸಿದರು. "ಆದ್ರೆ ನಂದೊಂದು ಮಾತು ಇದೆ. ಪ್ರಭಾರ ಅಂತ ನಾನು ಇರಲ್ಲ. ಬೇಕು ಅಂದ್ರೆ ಪೂರ್ತಿ ಇಟ್ಕೊಳ್ಳಿ. ಬೇಡ ಅಂದ್ರೆ ಐದೂಕಾಲಿನ ಬಸ್ಸಿದೆ, ಹೋಗ್ತೀನಿ."

ಶಿವಾನಂದಪ್ಪನವರು ಪುಸ್ತಕ ಹತ್ತಿರಕ್ಕೆ ಎಳೆದುಕೊಂಡರು. ಪುಟ ಹಿಂದೆ ತಿರುಗಿಸಿ, "ಪ್ರಭಾರ" ಅನ್ನುವ ಪದದ ಮೇಲೆ ಗೀಟು ಹಾಕಿ, ಪಕ್ಕದಲ್ಲಿ ತಮ್ಮ ಸಹಿ ಮಾಡಿದರು. "ಬಸ್ಸು ಹೋಗ್ಲಿ ಬಿಡ್ರಿ ಮೇಡಂ. ನಮ್ಮ ಗಾಡ್ಯಾಗೆ ಬಿಟ್ಟು ಬರಾನ. ಮೊದ್ಲು ಮಂಡಕ್ಕಿ ತಿನ್ರಿ, ಮೆತ್ತಗಾಗ್ತವೆ," ಅಂದರು.

ಮರುವರ್ಷ ಟವೆಲು ಮನೆಯಲ್ಲೇ ಬಿಟ್ಟು ಹೋದೆ. ಪಂದ್ಯದ ಹೊತ್ತಿಗೆ ಕೈ ಏನು ಮಾಡಬೇಕೆಂದು ತಿಳಿಯದೆ ಎರಡೂ ಕೈ ತೊಡೆಯ ಕೆಳಗೆ ಒತ್ತಿ ಕೂರುತ್ತಿದ್ದೆ. ಕಪ್ ಬಂತೇ ಅಂತ ಕೇಳುತ್ತೀರಿ. ಬರಲಿಲ್ಲ. ಸೆಮಿಫೈನಲ್ಲಿನಲ್ಲಿ ಸೋತೆವು, ಅದೂ ನನ್ನ ಹಿಡಿತದ ಹುಡುಗರು ಅವಸರ ಮಾಡಿದ್ದರಿಂದ. ಮೇಡಂ ನನಗೆ ಒಂದು ಲೋಟ ಚಹಾ ತಂದುಕೊಟ್ಟರು. ಅದರ ಮುಂದಿನ ವರ್ಷ ಗೆದ್ದೆವು. ಕೊನೆಯ ರೈಡಿನಲ್ಲಿ ಮಂಜು ಯಾರನ್ನೂ ಮುಟ್ಟಲಿಲ್ಲ, ಮೂವತ್ತು ಸೆಕೆಂಡು ಆಡಿ ನಗುತ್ತಾ ವಾಪಸು ಬಂದ. ಒಮ್ಮೆಯೂ ಬೆಂಚಿನ ಕಡೆ ನೋಡಲಿಲ್ಲ. ನನ್ನ ಶಿಷ್ಯ ನನ್ನನ್ನು ನೋಡದೆ ಗೆದ್ದದ್ದು ನನಗೆ ಎಷ್ಟು ಸಂತೋಷ ಕೊಟ್ಟಿತು ಅಂದರೆ, ಕಣ್ಣು ಒರೆಸಿಕೊಳ್ಳಲು ಟವೆಲು ಇಲ್ಲವಲ್ಲ ಅಂತ ಆಗ ಮಾತ್ರ ಬೇಜಾರಾಯಿತು.

ಹೊಸದಾಗಿ ಬರುವವರಿಗೆ ನನ್ನಿಂದ ಹೇಳಲಿಕ್ಕೆ ಇರುವುದು ಇಷ್ಟೇ. ಅಂಕಣವನ್ನು ಮೊದಲು ಬರಿಗಾಲಲ್ಲಿ ತುಳಿಯಿರಿ. ನಿಮಗಿಂತ ಚೆನ್ನಾಗಿ ಬಲ್ಲವರು ಬಂದರೆ ಅವರ ಹುದ್ದೆಯ ಮುಂದೆ ಏನು ಬರೆದಿದೆ ಅಂತ ನೋಡಲು ಹೋಗಬೇಡಿ. ತಪ್ಪಾದಾಗ ಎಂಟು ದಿನ ಕಾಯಬೇಡಿ, ಅದು ಬಹಳ ಉದ್ದದ ಎಂಟು ದಿನ.

ನನ್ನ ಬೀಳ್ಕೊಡುಗೆ ಆನವಟ್ಟಿಯ ಶಾಲೆಯಲ್ಲಿ ನಡೆಯಿತು. ಆ ಹೊತ್ತಿಗೆ ಕೂಡು ತಂಡದ ಮುಖ್ಯ ತರಬೇತುದಾರರು ಶಾರದಾ ಮೇಡಂ. ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು, ಕೊನೆಗೆ ಶಾಲು ಹೊದಿಸಲು ಮೇಡಂ ಅವರನ್ನು ವೇದಿಕೆಗೆ ಕರೆದರು. ಶಾಲು ಬಿಚ್ಚಿ ಹಿಡಿದು ನನ್ನ ಹಿಂದೆ ನಿಂತು ಮೆಲ್ಲಗೆ ಕೇಳಿದರು. "ಸರ್, ಯಾವ ಹೆಗಲಿಗೆ ಹಾಕ್ಲಿ?"

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. "ನಿಮಗೆ ಸರಿ ಕಂಡ ಕಡೆ ಹಾಕಿ ಮೇಡಂ," ಅಂದೆ.

ಅವರು ಎರಡೂ ಹೆಗಲಿಗೆ ಸಮನಾಗಿ ಹೊದಿಸಿದರು. ನಾನು ಕೈ ಮುಗಿಯಲು ಬಗ್ಗಿದಾಗ ಶಾಲು ಜಾರಿ ಪೂರ್ತಿ ಎಡಕ್ಕೆ ಬಂತು. ಮುಂದಿನ ಸಾಲಿನಲ್ಲಿ ಕೂತಿದ್ದ ಮಂಜು ತನಗೇ ಗೊತ್ತಿಲ್ಲದಂತೆ ಕುರ್ಚಿಯಿಂದ ಅರ್ಧ ಎದ್ದಿದ್ದ.

"ಕೂತ್ಕೋ ಮಂಜು," ಅಂದರು ಮೇಡಂ, ಮೈಕಿನಲ್ಲೇ. "ಸರ್ ಇವತ್ತು ಏನೂ ಹೇಳ್ತಿಲ್ಲ."